ಮಾರ್ಸೇಲ್ಸಿನ ಓಣಿಯಲ್ಲಿ ಉಂಡುಬಂದ ಚಿಗವ್ವ

ಮೊನ್ನೆ ಸಂತೆಯಿಂದ ಸೊಸೆ ಪುದೀನ ಸೊಪ್ಪಿನ ದೊಡ್ಡ ಕಟ್ಟು ತಂದಿದ್ದಳು. ನಾನು ಎಲೆ ಬಿಡಿಸಲು ಕುಳಿತೆ. ಬೆರಳಿಗೆ ಹತ್ತಿದ ವಾಸನೆ ಮೂಗಿಗೆ ಬಂದದ್ದೇ ತಡ, ಎದುರು ಮನೆಯ ಚಿಗವ್ವ ನೆನಪಾದಳು. ಚಟ್ನಿ ಬಿಟ್ಟರೆ ಪುದೀನ ಮತ್ಯಾವುದಕ್ಕೂ ಬಾರದು ಎಂದು ತಿಳಿದಿದ್ದ ನಮ್ಮ ಹುಕ್ಕೇರಿಯ ಓಣಿಯಲ್ಲಿ ಅವಳೊಬ್ಬಳೇ ಅದನ್ನು ಚಹಾಕ್ಕೆ ಹಾಕುತ್ತಿದ್ದಳು. ಹಾಲಿಲ್ಲ, ಏನಿಲ್ಲ. ಮೂಡಲಗಿಯ ಬೆಲ್ಲದ ದೊಡ್ಡ ಚೂರು ಹಾಕಿ ಕುದಿಸಿ, ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಯಾರಾದರೂ ಕಷಾಯವೆಂದು ಕಾಡಿಸಿದರೆ, "ನಿಮಗೇನ್ ಗೊತ್ತೈತಿ, ಸುಮ್ಮ ಕುಂದರ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆ ಚಹಾ ಅವಳು ಕಲಿತದ್ದು ಫ್ರಾನ್ಸ್ ದೇಶದಲ್ಲಿ. ಹೌದು, ಬ್ರಿಟಿಷರ ಕಾಲದಲ್ಲಿ, ಸಹಿ ಮಾಡಲೂ ಬಾರದ ನಮ್ಮ ಚಿಗವ್ವ, ಫ್ರಾನ್ಸ್ ದೇಶದಲ್ಲಿ!

ಅವಳು ನನಗೆ ಸಂಬಂಧಿಯಲ್ಲ. ನಾನು ಮದುವೆಯಾಗಿ ಬಂದ ವರ್ಷವೇ ಅವಳು ವಿಲಾಯತಿ ಕಡೆಯಿಂದ ತಿರುಗಿ ಬಂದು, ತೀರಿಹೋದ ಗಂಡನ ಮನೆಯ ಬಾಗಿಲು ತೆಗೆದಿದ್ದಳು. ಓಣಿಯವರೆಲ್ಲ ಚಿಗವ್ವ ಎನ್ನುತ್ತಿದ್ದರು, ನಾನೂ ಅಂದೆ. ಅವಳ ತವರು ದಡ್ಡಿ ಎಂಬ ಹಳ್ಳಿ. ಚಿಕ್ಕ ವಯಸ್ಸಿನಲ್ಲಿ ಗಂಡ ಸತ್ತ ಮೇಲೆ, ಬೆಳಗಾವಿಯ ಕ್ಯಾಂಪಿನಲ್ಲಿ ಸಾಹೇಬರೊಬ್ಬರ ತೋಟದ ಮಾಲಿಯಾಗಿದ್ದ ಅಣ್ಣ ಅವಳನ್ನು ಅದೇ ಬಂಗಲೆಯಲ್ಲಿ ಕೂಸಿನ ಆಯಾ ಮಾಡಿಸಿದ. ಸಾಹೇಬರ ಹೆಂಡತಿ ಮಡಮ್ಮ ತನ್ನ ದೇಶಕ್ಕೆ ಹೊರಟಾಗ ಕೂಸು ಇವಳ ಕೊರಳು ಬಿಡಲಿಲ್ಲ. ಹೀಗಾಗಿ ಇವಳೂ ಹಡಗು ಹತ್ತಿದಳು. ಮುಂದಿನದನ್ನೆಲ್ಲ ನಾನು ಅವಳ ಒಲೆಯ ಮುಂದೆ ಕುಳಿತೇ ಕೇಳಿದ್ದು. ನಮ್ಮತ್ತೆಗೆ ಗೊತ್ತಾಗದ ಹಾಗೆ ಹೋಗುತ್ತಿದ್ದೆ ಎಂದು ಬೇರೆ ಹೇಳಬೇಕಿಲ್ಲ.

ಹಡಗು ಮಾರ್ಸೇಲ್ಸ್ ಎಂಬ ಬಂದರು ಮುಟ್ಟಿದಾಗ ಪ್ರಯಾಣಿಕರೆಲ್ಲ ಕಟಕಟೆ ಹಿಡಿದು ನಿಂತು ಊರು ನೋಡುತ್ತಿದ್ದರಂತೆ. ಬಂದರಿನ ಹಿಂದೆ ಇಕ್ಕಟ್ಟಾದ ಓಣಿಗಳು. ಕಿಟಕಿಯಿಂದ ಕಿಟಕಿಗೆ ಹಗ್ಗ, ಹಗ್ಗದ ತುಂಬ ಬಟ್ಟೆ. ಆಫ್ರಿಕದ ಅಲ್ಜೀರಿಯಾ ಕಡೆಯಿಂದ ಕೂಲಿಗೆ ಬಂದ ಮುಸಲ್ಮಾನರು ಅಲ್ಲಿ ಇರುತ್ತಾರೆಂದೂ, ಅವರ ಸೊಂಟದಲ್ಲಿ ಸದಾ ಚೂರಿ ಇರುತ್ತದೆಂದೂ, ಆ ಕಡೆ ಹೆಜ್ಜೆ ಇಟ್ಟವರು ತಿರುಗಿ ಬರುವುದಿಲ್ಲವೆಂದೂ ಮಡಮ್ಮ ಹೇಳಿದಳು. ಮುಂಬಯಿಯಿಂದ ಬಂದಿದ್ದ ನಮ್ಮವರೇ ಒಬ್ಬ ವಕೀಲರು ಮೂಗಿಗೆ ಕರವಸ್ತ್ರ ಹಿಡಿದು ಹೌದು ಹೌದೆಂದರು. ಅವರು ಆ ಓಣಿಗೆ ಎಂದಾದರೂ ಹೋಗಿದ್ದರೇ ಎಂದು ನಾನು ಕೇಳಿದಾಗ ಚಿಗವ್ವ ಬಿದ್ದು ಬಿದ್ದು ನಕ್ಕಿದ್ದಳು. ಹೋಗುವ ಮಾತೆಲ್ಲಿ? ಹಡಗಿನಿಂದಲೇ ನೋಡಿ, ಹಡಗಿನಿಂದಲೇ ಹೆದರಿದ್ದು.

ಇಳಿದ ದಿನವೇ ಚಿಗವ್ವನಿಗೆ ಜ್ವರ ಬಂತು. ಮಡಮ್ಮ ಅಲ್ಲಿಂದ ವಿಲಾಯತಿಗೆ ಹೋಗುವ ರೈಲು ಹಿಡಿಯಬೇಕಿತ್ತು. ಊರಿಗೆ ಹೋಗುವ ಹಡಗಿಗೆ ಹತ್ತಿಸಲು ಯಾರೋ ಬರುತ್ತಾರೆ, ಇಲ್ಲೇ ಕೂತಿರು ಎಂದು ಗಂಟಿನ ಜೊತೆ ಅವಳನ್ನು ಬಂದರಿನಲ್ಲಿ ಕೂಡಿಸಿ ಹೋದಳು. ಯಾರೂ ಬರಲಿಲ್ಲ. ಕೂಸು ಅಳುತ್ತ ಹೋದದ್ದನ್ನು ಹೇಳುವಾಗ ಮಾತ್ರ ಚಿಗವ್ವನ ದನಿ ಬೇರೆಯಾಗುತ್ತಿತ್ತು… ಮಡಮ್ಮನಿಗೆ ನಾನು ಇವತ್ತಿಗೂ ಶಾಪ ಹಾಕುತ್ತೇನೆ. ಚಿಗವ್ವ ಹಾಕಲಿಲ್ಲ, ಅದಕ್ಕೇ ನಾನು ಹಾಕುತ್ತೇನೆ.

ಹೊತ್ತು ಇಳಿಯಿತು, ಗಂಟಲು ಒಣಗಿತು. ಓಣಿಯ ಬಾಯಲ್ಲಿ ಒಂದು ನಳ, ನಳದ ಹತ್ತಿರ ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಂಗಸು. ಚಿಗವ್ವನಿಗೆ ಜೀವದಲ್ಲಿ ಜೀವ ಬಂತು. ನಮ್ಮ ಹುಕ್ಕೇರಿ ಕಡೆಯವರ ಲೆಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದ ಮುಸಲ್ಮಾನ ಹೆಂಗಸು ಎಂದರೆ ಹಿಂದಿನ ಓಣಿಯವಳೇ. ಮನೆಯಲ್ಲಿ ಉರ್ದು ಆಡುವವಳು, ಹೊರಗೆ ಕನ್ನಡ ಆಡುವವಳು. ಇವಳು ನೇರ ಹೋಗಿ ನಮ್ಮ ಕಡೆಯ ಹರಕುಮುರುಕು ಉರ್ದುವಿನಲ್ಲಿ ನೀರು ಬೇಡಿ, ಮಡಮ್ಮನ ಮೇಲೆ ದೂರು ಹೇಳಿ, ದಡ್ಡಿಗೆ ಹೋಗುವ ದಾರಿ ಯಾವುದೆಂದೂ ಕೇಳಿಬಿಟ್ಟಳು! ಆ ಹೆಂಗಸಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಇವಳು ಬೊಗಸೆ ಒಡ್ಡಿದ್ದು ತಿಳಿಯಿತು. ನೀರು ಹಾಕಿದಳು, ಹಣೆ ಮುಟ್ಟಿ ನೋಡಿದಳು, ಗಂಟು ಎತ್ತಿ ತನ್ನ ಬಗಲಿಗೆ ಇಟ್ಟುಕೊಂಡು ನಡೆದಳು. ಗಂಟು ಹೋದ ಕಡೆ ಚಿಗವ್ವನೂ ಹೋದಳು.

ಆ ಹೆಂಗಸಿನ ಗಂಡ ತನ್ನ ದೇಶದ ಕೂಲಿಗಳಿಗೆ ಮಲಗಲು ಜಾಗ ಕೊಟ್ಟು ಊಟ ಹಾಕುತ್ತಿದ್ದ. ಅವರೆಲ್ಲ ಸಾಬೂನು ಮಾಡುವ ಕಾರ್ಖಾನೆಗೆ, ಹಡಗಿನ ಹಮಾಲಿಗೆ ಹೋಗುವವರು. ಊರಿಗೆಲ್ಲ ಸಾಬೂನು ಮಾಡಿ ಕೊಟ್ಟವರನ್ನೇ ಊರು ಹೊಲಸು ಜನ ಎನ್ನುತ್ತಿತ್ತು ಎಂದು ಚಿಗವ್ವನಿಗೆ ಸಿಟ್ಟು. ಓಣಿ ಚೊಕ್ಕಟವಾಗಿತ್ತು ಎಂದು ಅವಳೇನೂ ಸುಳ್ಳು ಹೇಳಲಿಲ್ಲ. ಗಟಾರ ನಾರುತ್ತಿತ್ತು, ಜಗಳವೂ ಆಗುತ್ತಿತ್ತು, ಪೊಲೀಸರು ಬಂದು ಎಬ್ಬಿಸಿ ಕಾಗದ ಕೇಳುತ್ತಿದ್ದರು. ಚೂರಿಯನ್ನು ಮಾತ್ರ ಅವಳು ಉಳ್ಳಾಗಡ್ಡಿ ಹೆಚ್ಚುವಾಗಷ್ಟೇ ಕಂಡಿದ್ದಳು.

ಚಳಿಗಾಲ ಪೂರ್ತಿ ಅಲ್ಲಿದ್ದಳು. ಮಾಂಸ ಮುಟ್ಟದವಳೆಂದು ಕೈಸನ್ನೆಯಲ್ಲಿ ತಿಳಿದುಕೊಂಡ ಆ ಹೆಂಗಸು ಇವಳಿಗೆಂದೇ ಒಂದು ಹೊಸ ಮಣ್ಣಿನ ಗಡಿಗೆ ತಂದಳು. ಜ್ವರ ಇಳಿದ ಮೇಲೆ ಚಿಗವ್ವ ಬಿಟ್ಟಿ ಊಟ ಮಾಡಲಿಲ್ಲ, ರೊಟ್ಟಿ ಬಡಿಯಲು ಕುಳಿತಳು. ಅವರ ರೊಟ್ಟಿ ದಪ್ಪ, ಇವಳದು ತೆಳು. ಇವಳ ರೊಟ್ಟಿ ಅಡ್ಡ ಹಿಡಿದರೂ ಆಚೆಯವರು ಕಾಣುತ್ತಾರೆಂದು ಕೂಲಿಗಳು ನಗುತ್ತಿದ್ದರಂತೆ, ನಕ್ಕು ಮತ್ತೆ ಕೇಳಿ ಹಾಕಿಸಿಕೊಳ್ಳುತ್ತಿದ್ದರಂತೆ. ಆ ಯಜಮಾನ ಬಂದರಿಗೆ ಬಂದ ಹಡಗು ಹಡಗಿಗೂ ಹೋಗಿ, ಮುಂಬಯಿಯ ಕಡೆಯವರು ಇದ್ದಾರೆಯೇ ಎಂದು ಕೇಳುತ್ತಿದ್ದ. ಕೊನೆಗೆ ಹಡಗಿನಲ್ಲಿ ದುಡಿಯುವ ರತ್ನಾಗಿರಿಯ ಒಬ್ಬ ಖಲಾಸಿ ಸಿಕ್ಕ. ಅವನು ಹಿಂದೂಸ್ಥಾನಕ್ಕೆ ಹೊರಟಿದ್ದ ಒಂದು ಕುಟುಂಬಕ್ಕೆ ಇವಳನ್ನು ಆಯಾ ಎಂದು ಕೂಡಿಸಿಕೊಟ್ಟ. ಹೊರಡುವಾಗ ಆ ಹೆಂಗಸು ಒಂದು ಹಿಡಿ ಒಣಗಿದ ಪುದೀನ ಇವಳ ಸೆರಗಿಗೆ ಕಟ್ಟಿದಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಅತ್ತರು.

ಊರಿಗೆ ಬಂದು ಚಿಗವ್ವ ಖಾನಾವಳಿ ಹಾಕಿದಳು. ಕಚೇರಿಯ ಕೆಲಸಕ್ಕೆಂದು ಸುತ್ತಲ ಹಳ್ಳಿಯಿಂದ ಬಂದವರು ಉಣ್ಣಲು ಬರುತ್ತಿದ್ದರು. ಅವಳ ಹೊಟ್ಟೆಪಾಡು ಅದೊಂದೇ. ಇವಳಿಗೋ ಬಾಯಿ ಕಟ್ಟಿ ಗೊತ್ತಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಮಾರ್ಸೇಲ್ಸಿನ ಕಥೆಯನ್ನೆಲ್ಲ ಹೇಳಿಬಿಟ್ಟಳು. ಸಂಜೆಯೊಳಗೆ ಓಣಿ ಹೊತ್ತಿಕೊಂಡಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಮುಸಲ್ಮಾನರ ಮನೆಯಲ್ಲಿ ಉಂಡಿದ್ದಾಳೆ! ಓಣಿಯ ಹಿರಿಯ ಸಾವಕಾರರು ಕಾಲಿಡುವುದು ಬಿಟ್ಟರು, ಅವರನ್ನು ನೋಡಿ ಉಳಿದವರೂ ಬಿಟ್ಟರು. ನಮ್ಮತ್ತೆ ಎಲ್ಲರಿಗಿಂತ ಜೋರು. ಮೊಹರಮ್ಮಿನಲ್ಲಿ ಅಲೈ ದೇವರ ಮುಂದೆ ಮುಲ್ಲಾನಿಂದ ಸಕ್ಕರೆ ಓದಿಸಿ, ಅದನ್ನು ಮಕ್ಕಳ ಬಾಯಿಗೆ ಹಾಕಿ ಬೆಳೆಸಿದವಳು ಇದೇ ನಮ್ಮತ್ತೆ. ಆ ಸಕ್ಕರೆ ಯಾರ ಕೈಯಿಂದ ಬಂತೆಂದು ಕೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು?

ಚಿಗವ್ವನ ಒಲೆ ತಣ್ಣಗಾಯಿತು. ದಡ್ಡಿಯಿಂದ ತವರಿನವರು ಬಂದು ಉಪಾಯ ಹೇಳಿಕೊಟ್ಟರು. ಎಲ್ಲ ತಮಾಷೆಗೆ ಹೇಳಿದ್ದು, ಸಾಹೇಬರ ಪೈಕಿಯವರ ಬಂಗಲೆಯಲ್ಲಿ ಹಾಲು ಹಣ್ಣು ತಿಂದು ಇದ್ದೆ ಎಂದುಬಿಡು, ಅಲ್ಲಿಗೆ ಮುಗಿಯಿತು. ಯಾರು ಮಾರ್ಸೇಲ್ಸಿಗೆ ಹೋಗಿ ನೋಡಿ ಬರುತ್ತಾರೆ? ನಾನೂ ಹಿತ್ತಲ ಬಾಗಿಲಿನಿಂದ ಹೋಗಿ ಹಾಗೇ ಮಾಡು ಎಂದೆ. ಚಿಗವ್ವ ನನ್ನ ಕಡೆ ನೋಡಿದ ನೋಟ ನನಗಿನ್ನೂ ನೆನಪಿದೆ.

"ಆಕಿ ನನ್ನ ಗಂಟು ಹೊತ್ತಾಳವಾ" ಎಂದಳು. "ಆಕೀನ್ನ ಇಲ್ಲಂತ ಹೆಂಗ ಅನ್ಲಿ?"

ಸಾವಕಾರರು ಕರೆಸಿದ ಪಂಚಾಯಿತಿ ಮಠದ ಅಂಗಳದಲ್ಲಿ ಸೇರಿತು. ಗಂಡಸರು ಕಟ್ಟೆಯ ಮೇಲೆ, ನಾವು ಹೆಂಗಸರು ಬೇವಿನ ಗಿಡದ ಕೆಳಗೆ. ನಡುವೆ ಚಿಗವ್ವ ಒಬ್ಬಳೇ. ಸಾವಕಾರರು ಆ ಜನ ಎಂಥವರೆಂದು ತಾವೇ ವರ್ಣಿಸಿದರು. ಚೂರಿ, ಕಳ್ಳತನ, ಹೊಲಸು, ಒಂದೂ ಬಿಡಲಿಲ್ಲ. ಆ ಹಡಗಿನ ವಕೀಲರೇ ಬಂದು ಇವರ ಬಾಯಲ್ಲಿ ಕುಳಿತಂತೆ ನನಗೆ ಅನಿಸಿತು. ಇವರಿಗಂತೂ ಹಡಗಿನಿಂದ ನೋಡಿದ ಪುಣ್ಯವೂ ಇರಲಿಲ್ಲ. ಚಿಗವ್ವ ಸಿಟ್ಟಾಗಲಿಲ್ಲ. ನಳದಿಂದ ಹಿಡಿದು ರತ್ನಾಗಿರಿಯ ಖಲಾಸಿಯವರೆಗೆ ಎಲ್ಲವನ್ನೂ, ಗಟಾರದ ನಾತವನ್ನೂ ಬಿಡದೆ, ಹೇಳಿ ನಿಂತಳು.

ಅಲ್ಲಿಯವರೆಗೆ ಕಣ್ಣು ಮುಚ್ಚಿ ಕುಳಿತಿದ್ದ ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಒಂದೇ ಮಾತು ಕೇಳಿದರು. "ಲಿಂಗಪೂಜಿ ಆಗತಿತ್ತೇನವಾ?"

"ಆಗತಿತ್ರಿ ಅಜ್ಜಾರ. ಆಕಿ ಒಂದ್ ಮೂಲಿ ತೊಳದು ಕೊಟ್ಟಿದ್ಲು. ನಾ ಪೂಜಿಗೆ ಕುಂತ್ರ ಎಲ್ಲಾರ್ನೂ ಸುಮ್ಮನಿರಿಸ್ತಿದ್ಲು. ಆಕಿ ನಮಾಜಕ್ಕ ನಿಂತ್ರ ನಾ ಆಕಿ ಕೂಸಿನ್ನ ಎತಗೊಂತಿದ್ನಿ. ಇಬ್ಬರೂ ಹಂಗ ದಿನಾ ತಗದ್ವಿರಿ."

ಅಜ್ಜಾರು ಎದ್ದು ಒಳಗೆ ಹೋದರು. ಸಾವಕಾರರ ಮುಖ ಅರಳಿತು. ಮುಗಿಯಿತು ಚಿಗವ್ವನ ಕಥೆ ಎಂದು ಎಲ್ಲರೂ ಅಂದುಕೊಂಡೆವು. ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

ನಮ್ಮ ಓಣಿಯಲ್ಲಿ ಅಜ್ಜಾರು ಮುಂಜಾನೆ ಜೋಳಿಗೆ ಹಾಕಿಕೊಂಡು, ಕೈಗಂಟೆ ಬಾರಿಸುತ್ತ ಮನೆ ಮನೆಗೆ ಭಿಕ್ಷೆಗೆ ಬರುವ ಪದ್ಧತಿ. ಯಾರ ಮನೆಯ ಮುಂದೆ ಗಂಟೆ ನಿಂತಿತೋ ಆ ಮನೆ ಚೊಕ್ಕ, ಯಾರ ಮನೆ ದಾಟಿ ಹೋಯಿತೋ ಅವರು ಓಣಿಯಲ್ಲಿದ್ದೂ ಇಲ್ಲದ ಹಾಗೆ. ಮರುದಿನ ಗಂಟೆಯ ಸಪ್ಪಳ ಕೇಳಿದಾಗ ಇಡೀ ಓಣಿ ಕಂಡಿ ಬಾಗಿಲುಗಳಲ್ಲಿ ಬಂದು ನಿಂತಿತ್ತು. ಗಂಟೆ ಸಾವಕಾರರ ಮನೆ ಮುಂದೆ ನಿಂತಿತು, ನಮ್ಮ ಮನೆ ಮುಂದೆಯೂ ನಿಂತಿತು. ಆಮೇಲೆ ಅಜ್ಜಾರು ತಿರುಗಿ ಎದುರು ಮನೆಯ ಮೆಟ್ಟಿಲ ಮುಂದೆ ನಿಂತರು. ಗಂಟೆ ಬಾರಿಸಿದರು.

ಬಾಗಿಲು ತೆರೆಯಿತು. ಚಿಗವ್ವನ ಕೈಯಲ್ಲಿ ರೊಟ್ಟಿ ಇತ್ತು. ಬಾಗಿಲು ಹಾಕಿಕೊಂಡಿದ್ದರೂ ಒಲೆ ಹಚ್ಚಿ, ಪೂಜೆ ಮುಗಿಸಿ, ರೊಟ್ಟಿ ಬಡಿದೇ ಇಟ್ಟಿದ್ದಳು. ಅಜ್ಜಾರು ಜೋಳಿಗೆ ಒಡ್ಡಲಿಲ್ಲ. ಪಾದುಕೆ ಬಿಟ್ಟು ಒಳಗೆ ನಡೆದರು, ಗಿರಾಕಿಗಳು ಕೂಡುವ ಮಣೆಯ ಮೇಲೆ ಕುಳಿತರು.

"ಇಲ್ಲೇ ಉಣ್ಣಾಂವ ಅದೇನಿ. ಬಿಸಿದೊಂದು ಹಾಕವಾ" ಎಂದರು. ಹೊರಗಿನವರಿಗೆಲ್ಲ ಕೇಳಿಸಲೆಂದೇ ಅಷ್ಟು ಗಟ್ಟಿಯಾಗಿ ಅಂದರು.

ಅಬ್ಬಾ, ಆ ಮುಂಜಾನೆ! ಚಿಗವ್ವ ರೊಟ್ಟಿ ಬಡಿಯುವ ಸಪ್ಪಳ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ನಾನು ಹೊಸ ಸೊಸೆ ಎಂಬುದನ್ನೂ ಮರೆತು ಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ನಮ್ಮತ್ತೆ ಬೈಯುತ್ತಾಳೆಂದು ತಿರುಗಿ ನೋಡಿದರೆ ಅವಳು ಬಟ್ಟಲು ಹಿಡಿದು ನಿಂತಿದ್ದಳು. "ನಿಂತ್ ನೋಡ್ತೀ ಏನ? ಹೋಗು, ಆಕಿ ಬದನಿಕಾಯಿ ಪಲ್ಯಾ ತೀರೋದ್ರಾಗ ಇಸಗೊಂಡು ಬಾ."

ವಾರ ತುಂಬುವುದರೊಳಗೆ ಖಾನಾವಳಿಯಲ್ಲಿ ಕೂಡಲು ಜಾಗವಿಲ್ಲ. ಗೋಕಾಕದಿಂದ ಹತ್ತಿ ವ್ಯಾಪಾರಕ್ಕೆ ಬಂದವರು, ಮೂಡಲಗಿಯಿಂದ ಬೆಲ್ಲದ ಗಾಡಿ ಹೊಡೆದುಕೊಂಡು ಬಂದವರು, ಎಲ್ಲ ಅಲ್ಲೇ. ಸಾವಕಾರರು ಎಷ್ಟು ದಿನ ತಡೆದಾರು? ಒಂದು ಮಧ್ಯಾಹ್ನ ಅವರೂ ಬಂದು ಮೂಲೆಯಲ್ಲಿ ಕುಳಿತರು. ಚಿಗವ್ವ ಅವರಿಗೆಂದೇ ಹೆಬ್ಬೆರಳಿನಷ್ಟು ದಪ್ಪದ ರೊಟ್ಟಿ ಬಡಿದು ತಾಟಿಗೆ ಹಾಕಿದಳು. "ಮಾರ್ಸೇಲ್ಸಿನ ಮಂದಿ ಹಿಂಗ ಉಣ್ತಾರ್ರಿ ಸಾವಕಾರ್ರ. ಗಟ್ಟಿ ಹಲ್ಲು ಬೇಕ್ರಿ ಇದಕ್ಕ." ಊಟಕ್ಕೆ ಕುಳಿತವರೆಲ್ಲ ಕೈ ನಿಲ್ಲಿಸಿ ನೋಡಿದರು. ಸಾವಕಾರರು ಪೂರ್ತಿ ಉಂಡರು. ಇನ್ನರ್ಧ ಹಾಕಲೇ ಎಂದರೆ ಹೂಂ ಎಂದು ತಲೆಯನ್ನೂ ಆಡಿಸಿದರು.

ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮೊದಲು ಚಿಗವ್ವ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ಹಿಂದಿನ ಓಣಿಯ ಮುಸಲ್ಮಾನ ಹೆಂಗಸರು ಬಂದು ನಮ್ಮ ಜೊತೆ ಕುಳಿತು ಅತ್ತರು. ಆ ದಿನ ಓಣಿಯ ಯಾವ ಮನೆಯಲ್ಲೂ ಒಲೆ ಹಚ್ಚಲಿಲ್ಲ. ಮಾರ್ಸೇಲ್ಸಿನ ಆ ಹೆಂಗಸಿಗೆ ಸುದ್ದಿ ಮುಟ್ಟಿಸುವವರು ಯಾರು… ಅವಳ ಹೆಸರನ್ನು ಚಿಗವ್ವ ಸರಿಯಾಗಿ ಹೇಳುತ್ತಿದ್ದಳೋ ಇಲ್ಲವೋ, ಅದೂ ನನಗೆ ತಿಳಿಯದು.

ಹೋದ ತಿಂಗಳು ನನ್ನ ನೆಗೆಣ್ಣಿಯ ಮಗ ಯುರೋಪ್ ಪ್ರವಾಸ ಮುಗಿಸಿ ಬಂದಿದ್ದ. ಪಡಸಾಲೆಯಲ್ಲಿ ಕುಳಿತು ಊರೂರಿನ ಚಿತ್ರ ತೋರಿಸುತ್ತ, ಮಾರ್ಸೇಲ್ಸಿನಲ್ಲಿ ಮುಸಲ್ಮಾನರ ಓಣಿಗಳಿವೆ, ಆ ಕಡೆ ಬಸ್ಸಿನಿಂದ ಇಳಿಯಬೇಡಿ ಎಂದು ನಮ್ಮ ಗೈಡ್ ಹೇಳಿದ ಎಂದ. ಮೈಯೆಲ್ಲ ಉರಿಯಿತು ನನಗೆ. ಬೆಳಗಾವಿ ದಾಟದ ನಾನು ಅವನಿಗೆ ಮಾರ್ಸೇಲ್ಸಿನ ಕಥೆ ಹೇಳಿದೆ. ನಳ, ಗಂಟು, ಹೊಸ ಗಡಿಗೆ, ತೊಳೆದು ಕೊಟ್ಟ ಮೂಲೆ. ಚಿಗವ್ವ ಹೇಳಿದಷ್ಟು ಚೆಂದ ಬರಲಿಲ್ಲ, ಆದರೂ ಅವನು ಚಿತ್ರ ಪಕ್ಕಕ್ಕಿಟ್ಟು ಕೇಳಿದ.

"ಆ ನಳ ಯಾವ ಬಾಜೂ ಐತಿ ದೊಡ್ಡವ್ವಾ? ಮತ್ತ ಹೋದ್ರ ನಾ ಅಲ್ಲೇ ಇಳೀತೇನಿ" ಎಂದ.

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ತಡಿ ಎಂದು ಎದ್ದು, ಎದುರು ಮನೆಗೆಂದು ಬಾಗಿಲಿನವರೆಗೆ ಹೋಗಿಬಿಟ್ಟಿದ್ದೆ.