ಏರಿನಲ್ಲಿ ಅಪ್ಪನ ಬೆಲ್ಲು

ಮಸ್ಕತ್ತಿನ ಮತ್ರಾದಲ್ಲಿ, ಕಡಲಂಚಿನ ರಸ್ತೆ ಬಿಟ್ಟು ಗುಡ್ಡದ ಏರು ಶುರುವಾದದ್ದೇ ಅಪ್ಪ ಎಲೆಕ್ಟ್ರಿಕ್ ಸೈಕಲಿನಿಂದ ಇಳಿದು ತಳ್ಳತೊಡಗಿದರು. ಅಷ್ಟೊತ್ತೂ ಮೋಟರ್ ಬೇಡವೆಂದು ಬರೀ ಕಾಲಲ್ಲೇ ತುಳಿದಿದ್ದರು. ನಮ್ಮ ಸೈಕಲ್ ಟೂರಿನ ಉಳಿದ ನಾಲ್ವರೂ ಹಿಂದೆ ಸಾಲಾಗಿ ನಿಂತರು.

"ಅಪ್ಪ, ಅದಕ್ಕೆ ಮೋಟರ್ ಉಂಟು. ಹತ್ತಿ."

"ಏರು ಬಂದ್ರೆ ಇಳೀಲೇಬೇಕು ಮಗಾ. ಚೈನ್ ತುಂಡಾದ್ರೆ ನೀನು ಹೊರ್ತೀಯಾ?"

ಕಾರ್ಕಳದಲ್ಲಿ ಮೂವತ್ತು ವರ್ಷ ಸೈಕಲಿಗೆ ಬನ್ನಿನ ಪೆಟ್ಟಿಗೆ ಕಟ್ಟಿಕೊಂಡು ಮಾರಿ ನನ್ನನ್ನು ಓದಿಸಿದವರು ಅವರು. ಪ್ರತಿ ಏರಿನಲ್ಲೂ ಇಳಿದು ತಳ್ಳಿದವರು. ಒಂದೇ ಒಂದು ಏರನ್ನಾದರೂ ಅಪ್ಪ ಕೂತು ಹತ್ತಲಿ ಎಂದೇ ನಾನು ಈ ಟೂರಿಗೆ ಕರೆತಂದದ್ದು. ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ನನ್ನನ್ನು ನೋಡಲು ಬಂದಿದ್ದ ಅವರು ಮರುದಿನ ಊರಿಗೆ ಹೊರಡುವವರಿದ್ದರು.

ಒಮಾನಿ ಗೈಡ್ ಬಂದು ಅವರ ಹ್ಯಾಂಡಲಿನ ಗುಂಡಿ ಒತ್ತಿದ. "ಖಲಾಸ್ ಬಾಬಾ, ತಳ್ಳಿದ್ದು ಸಾಕು. ಕೂತ್ಕೊಳ್ಳಿ, ಯಲ್ಲಾ, ಹೊರಡಿ" ಎಂದ ಅರಬ್ಬಿ ಬೆರೆತ ಹಿಂದಿಯಲ್ಲಿ.

ಅಪ್ಪ ಅನುಮಾನದಿಂದಲೇ ಹತ್ತಿ ಪೆಡಲ್ ಒತ್ತಿದರು. ಸೈಕಲ್ ಚಂಗನೆ ಮುಂದಕ್ಕೆ ಹೋಯಿತು.

"ಅಯ್ಯಯ್ಯೋ ಮಗಾ, ಯಾರೋ ಹಿಂದಿನಿಂದ ದೂಡ್ತಾ ಇದ್ದಾರೆ!"

ಗೈಡನ್ನೂ ಹಿಂದೆ ಹಾಕಿ, ಬನ್ನು ಮಾರುವಾಗ ಬಾರಿಸುತ್ತಿದ್ದ ಹಾಗೆಯೇ ಬೆಲ್ಲು ಬಾರಿಸುತ್ತಾ ಅಪ್ಪ ಮೇಲೇರಿಬಿಟ್ಟರು. ನಗುವಿನಲ್ಲಿ ನನಗೆ ಪೆಡಲ್ ತುಳಿಯಲೂ ಆಗಲಿಲ್ಲ. ತುದಿ ತಲುಪಿದವರು ಕಡಲನ್ನು ನೋಡಲೇ ಇಲ್ಲ. ಕೆಳಗಿಳಿದು ಇನ್ನೊಮ್ಮೆ ಹತ್ತುತ್ತೇನೆ ಎಂದು ಹಟ ಹಿಡಿದರು, ಹತ್ತಿಯೂ ಹತ್ತಿದರು.

ಅಪ್ಪ ದೂಡಿದ್ದರಿಂದಲೇ ನಮ್ಮ ಮನೆಗೆ ಮೊದಲ ಡಿಗ್ರಿ ಬಂತು. ಅಪ್ಪನನ್ನು ಹಿಂದಿನಿಂದ ದೂಡಿದ್ದು ಮಾತ್ರ ಆ ಸೈಕಲ್ಲೇ ಮೊದಲು. ಈಗ ಊರಿನಿಂದ ಫೋನ್ ಮಾಡಿದಾಗಲೆಲ್ಲ ನನ್ನ ಆರೋಗ್ಯಕ್ಕಿಂತ ಮುಂಚೆ ಆ ಸೈಕಲ್ ಹೇಗಿದೆ ಎಂದು ವಿಚಾರಿಸುತ್ತಾರೆ.