ಜಿನ್ನಪ್ಪ ಮಾಸ್ತರರು ಮತ್ತು ‘ಹಾರ್ಡ್ಲಿ’

ಜಿನ್ನಪ್ಪ ಮಾಸ್ತರರಿಗೆ ಚಹಾ ಬೇಕೋ ಬೇಡವೋ ಎಂಬುದು ನಮ್ಮ ಅವ್ವನಿಗೆ ಕಡೆಯವರೆಗೂ ತಿಳಿಯಲಿಲ್ಲ. “ಚಹಾ ಇಡ್ಲೇನ್ರಿ ಮಾಸ್ತರ್?” ಎಂದು ಕೇಳಿದರೆ ಅವರು ಕರಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ವಿಚಾರ ಮಾಡಿ, “ಕುಡೀಬಹುದು. ಆದರ ಕುಡೀಲೇಬೇಕು ಅಂತೇನಿಲ್ಲ” ಎನ್ನುತ್ತಿದ್ದರು. ಅವ್ವ ಪಾತ್ರೆ ಹಿಡಿದು ಒಲೆಯ ಮುಂದೆ ನಿಂತೇ ಇರುತ್ತಿದ್ದಳು.

ಎಂಬತ್ತರ ದಶಕದ ಮೊದಲಲ್ಲಿ ಐನಾಪುರದಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು ಅವರು. ಬೇರೆಯವರು ಪ್ರಬಂಧ ಬಾಯಿಪಾಠ ಮಾಡಿಸಿ ಪಾಸು ಮಾಡಿಸುತ್ತಿದ್ದರೆ, ಇವರಿಗೆ ಮಾತ್ರ ಕ್ಯಾನ್, ಮೇ, ಮಸ್ಟ್, ಶುಡ್ ಎಂಬ ಚಿಲ್ಲರೆ ಶಬ್ದಗಳ ಹುಚ್ಚು. ಅವುಗಳ ಬೆನ್ನು ಹತ್ತಿ ಬರುವ ಆಲ್ವೇಸ್, ಪ್ರಾಬಬ್ಲಿ, ಹಾರ್ಡ್ಲಿಗಳ ಹುಚ್ಚು ಅದಕ್ಕೂ ಹೆಚ್ಚು. “ಬಂದ, ಹೋದ ಅನ್ನಾಕ ಎರಡು ವರ್ಷದ ಕೂಸಿಗೂ ಬರ್ತೈತಿ. ಬರಬಹುದೋ, ಬರಲೇಬೇಕೋ, ಬರೂದ ಅನುಮಾನೋ, ಅದನ್ನ ತೂಗಿ ಹೇಳಾಂವ ಮನಿಶ್ಯಾ” ಎಂದು ಹಲಗೆಗೆ ಡಸ್ಟರ್ ಬಡಿಯುತ್ತಿದ್ದರು.

ಒಂದು ದಿನ ‘ಯು ಮಸ್ಟ್ ಆಲ್ವೇಸ್ ವಾಶ್ ಯುವರ್ ಹ್ಯಾಂಡ್ಸ್’ ಎಂಬ ವಾಕ್ಯ ಬಂತು. ಆಲ್ವೇಸ್ ಎಲ್ಲಿ ಕೂರಬೇಕು ಎಂದು ಮಾಸ್ತರರು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಬೆರಳು ತೋರಿಸಿದೆವು. “ಕಾಗವಾಡದ ಟೆಂಪೋದಾಗ ಮೂರನೇದಾಂವ ಎಲ್ಲಿ ಕುಂಡರ್ತಾನಲೇ? ಇಬ್ಬರ ನಡುವ ಹೌದಿಲ್ಲೊ?” ಎಂದು, ಸುಶೀಲಾಳನ್ನು ‘ಮಸ್ಟ್’ ಮಾಡಿ, ನನ್ನನ್ನು ‘ವಾಶ್’ ಮಾಡಿ ಒಂದೇ ಬೆಂಚಿನ ಮೇಲೆ ಕೂರಿಸಿದರು. ‘ಆಲ್ವೇಸ್’ ಆಗಿದ್ದ ಕಮಲಾ ನಮ್ಮಿಬ್ಬರ ನಡುವೆ ತೂರಿಕೊಂಡಳು. ಬೆಂಚು ಲಟಕ್ಕನೆ ಮುರಿಯಿತು. ಸಪ್ಪಳ ಕೇಳಿ ಓಡಿಬಂದ ಹೆಡ್‌ಮಾಸ್ತರರು, “ಯಾರ್ ಮುರದವ್ರು? ಈ ಹುಡಿಗ್ಯಾರ?” ಎಂದರು. ಜಿನ್ನಪ್ಪ ಮಾಸ್ತರರು ಬಲು ಗಂಭೀರವಾಗಿ, “ಮುರದಾರ ಅನ್ನಬ್ಯಾಡ್ರಿ ಸರ್. ಮುರದಿರಬಹುದು ಅನ್ರಿ. ಮೊದಲ ಸೀಳಿತ್ತದು” ಎಂದರು. ಮರುದಿನ ಮೊಳೆ, ಸುತ್ತಿಗೆ ತಂದು ತಾವೇ ಜೋಡಿಸಿದರು.

ಇದಾದ ಆರೇಳು ವರ್ಷಕ್ಕೆ ನನ್ನನ್ನು ನೋಡಲು ನಿಪ್ಪಾಣಿಯಿಂದ ಒಂದು ವರ ಬಂತು. ಹುಡುಗನ ಹೆಸರು ಸುಕುಮಾರ, ಪುಣೆಯ ಕಾರಖಾನೆಯಲ್ಲಿ ಸೂಪರ್‌ವೈಸರ್. ಅವಲಕ್ಕಿ ತಟ್ಟೆ ನಾನು ಕೊಡುವಾಗ ಒಂದು ಕಡೆ ವಾಲಿತು. ಆತ ಯಾರಿಗೂ ಕಾಣದಂತೆ ತಟ್ಟೆಯನ್ನು ಕೆಳಗಿನಿಂದ ಹಿಡಿದುಕೊಂಡ. ಅಷ್ಟೇ ಸಾಕಾಯಿತು ನನಗೆ.

ಹದಿನೈದು ದಿನಕ್ಕೆ ಆತನ ಪತ್ರ ಬಂತು, ಇಂಗ್ಲಿಷಿನಲ್ಲಿ. ಮರಾಠಿಯಲ್ಲಿ ಬರೆದಿದ್ದರೆ ನಮ್ಮಜ್ಜಿಯೂ ಓದುತ್ತಿದ್ದಳು. ಹಿರಿಯರ ಹೆಸರಿಗೆ ಬಂದ ಪತ್ರವನ್ನು ಹುಡುಗಿಯ ಕೈಗೆ ಕೊಡುವ ಪದ್ಧತಿ ಇರಲಿಲ್ಲವಾದ್ದರಿಂದ ಓಣಿಗೆಲ್ಲ ಟೆಲಿಗ್ರಾಂ ಓದಿ ಹೇಳುವ ನನ್ನ ಸೋದರಮಾವ ತಾತ್ಯಾಸಾಹೇಬನನ್ನು ಕರೆಸಿದರು. ಮಾಮಾ ಎರಡು ಸಲ ಓದಿ ಮುಖ ಸಣ್ಣದು ಮಾಡಿದ.

“ಒಲ್ಲೆ ಅಂದಾನ.”

“ಏನಂತ ಬರದಾನ?” ಎಂದ ಅಪ್ಪ.

“ಐ ಕ್ಯಾನ್ ಹಾರ್ಡ್ಲಿ ಸೇ ನೋ. ಹಾರ್ಡ್ ಅಂದ್ರ ಗಟ್ಟಿ. ಗಟ್ಟ್ಯಾಗಿ ಇಲ್ಲ ಅಂತ ಹೇಳ್ಯಾನ. ಸೊಕ್ಕ ನೋಡ ಮಗಂದು!”

ಅವ್ವ ಅತ್ತಳು. ಅಪ್ಪ ಆ ಸಂಜೆಯೇ ರಾಯಬಾಗದ ಇನ್ನೊಂದು ಕಡೆಯವರಿಗೆ, ಗುರುವಾರ ಬಂದು ಮಾತು ಮುಗಿಸಿಕೊಂಡು ಹೋಗಿ ಎಂದು ಹೇಳಿ ಕಳಿಸುವ ವಿಚಾರ ಮಾಡಿದ. ನಾನು ಯಾರೂ ಇಲ್ಲದಾಗ ಕನ್ನಡಿಯ ಹಿಂದೆ ಸಿಕ್ಕಿಸಿದ್ದ ಪತ್ರ ತೆಗೆದು ಓದಿದೆ. ಓದಿ, ಅಳುವುದನ್ನು ಬಿಟ್ಟು ಗಟ್ಟಿಯಾಗಿ ನಕ್ಕುಬಿಟ್ಟೆ. ಎಲ್ಲರೂ ಓಡಿಬಂದರು.

“ಅಪ್ಪಾ, ಅಂವ ಒಲ್ಲೆ ಅಂದಿಲ್ಲ. ಒಲ್ಲೆ ಅನ್ನಾಕ ಆಗವಲ್ದು ಅಂದಾನ!”

ಮಾಮಾ ಕೈ ಬೀಸಿದ. “ಹುಡುಗಿ ತನಗ ಬೇಕಾದ ಅರ್ಥಾ ತಗ್ಯಾಕತ್ತಾಳ. ಏನವಾ, ನಿನಗ ಮಾನಾ ಮರ್ಯಾದಿ ಐತಿಲ್ಲೊ?”

ಹಿರಿಯರ ಎದುರು ಅವತ್ತಿನವರೆಗೆ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ. “ಜಿನ್ನಪ್ಪ ಮಾಸ್ತರ್ನ ಕರಸ್ರಿ. ಅವರು ಹೆಂಗ ಹೇಳ್ತಾರ ಹಂಗ.”

ಮಾಸ್ತರರು ಸೈಕಲ್ ಮೇಲೆ ಬಂದರು. ಪತ್ರ ಓದಿದರು, ಮಡಚಿದರು, ಮಾಮಾನ ಕೈಗೆ ಕೊಟ್ಟು, “ಏಳ್ರಿ ತಾತ್ಯಾಸಾಹೇಬ. ನಿಂತು ಓದ್ರಿ” ಎಂದರು. ಆ ದನಿಗೆ ಮಾಮಾ ತನಗರಿವಿಲ್ಲದೆ ಎದ್ದು ನಿಂತು, ಸಾಲಿ ಹುಡುಗನಂತೆ ಎಳೆದೆಳೆದು ಓದಿದ.

“ನಿಮ್ಮ ಮುದಿ ಎಮ್ಮಿ ಹಾಲು ಕೊಡ್ತೈತೇನ್ರಿ?”

“ಎಲ್ಲೀದ್ರಿ ಮಾಸ್ತರ್. ಜಗ್ಗಿ ಜಗ್ಗಿ ಕೈ ನೋಯಬೇಕು, ತಳಾ ಸೈತ ಮುಚ್ಚಂಗಿಲ್ಲ.”

“ಅದ ನೋಡ್ರಿ ಹಾರ್ಡ್ಲಿ. ಹಾರ್ಡ್‌ಗೂ ಅದಕ್ಕೂ ಸಂಬಂಧಿಲ್ಲ. ಎಮ್ಮಿ ಕೆಚ್ಚಲದಾಗ ಹಾಲು ಹೊಂಡವಲ್ದು, ಈ ಹುಡುಗನ ಬಾಯಾಗ ಇಲ್ಲ ಅನ್ನೂ ಮಾತು ಹೊಂಡವಲ್ದು.”

ಅಜ್ಜಿ ಮೊದಲು ನಕ್ಕಳು. ಆಮೇಲೆ ಎಲ್ಲರೂ. ಮಾಮಾ ಮಾತ್ರ ಕೆಂಪಾಗಿ, ಊಟಕ್ಕೂ ನಿಲ್ಲದೆ ಹೊರಟುಹೋದ. ಅಪ್ಪ ಇನ್ನೂ ಅಳುಕುತ್ತ, “ಹಂಗಾರ ಒಪ್ಪ್ಯಾನಂತ ತಿಳೀಲೇನ್ರಿ?” ಎಂದ. ಮಾಸ್ತರರು ಟೋಪಿ ಹಾಕಿಕೊಳ್ಳುತ್ತ ನನ್ನ ಕಡೆ ನೋಡಿ, “ನನಗೇನ್ ಕೇಳ್ತೀರಿ? ನಿಮ್ಮ ಮಗಳು ಮೊದಲ ಸರಿಯಾಗಿ ಓದ್ಯಾಳ” ಎಂದರು. ಮದುವೆಗಿಂತ ಆ ಮಾತೇ ನನಗೆ ದೊಡ್ಡದಾಗಿ ಕಂಡಿತು, ಒಂದು ಗಳಿಗೆ.

ಮದುವೆಯಾದ ಮೇಲೆ ಗೊತ್ತಾಯಿತು, ಆ ಪತ್ರ ನನ್ನ ಗಂಡ ಬರೆದದ್ದೇ ಅಲ್ಲ. “ನಾ ಬರೇ ‘ಎಸ್’ ಅಂತ ಬರಿ ಅಂದಿದ್ದೆ. ರೂಮಿನ ದೋಸ್ತ, ಇಷ್ಟ ಬರದ್ರ ಇಂಪ್ರೆಶನ್ ಬೀಳಂಗಿಲ್ಲ ಅಂದ.” ಇದನ್ನು ಹೇಳಿದಾಗ ಮಾಸ್ತರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ತೊಂಬತ್ತರ ದಶಕದ ಕೊನೆಗೆ ಅವರು ತೀರಿಕೊಂಡರು. ಸುದ್ದಿ ಪುಣೆಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ನಾಲ್ಕನೆಯ ದಿನ ಅವರ ಮನೆಗೆ ಹೋದೆ. ಹೊರಗಿನ ಕಟ್ಟೆಯ ಮೇಲೆ, ರಟ್ಟು ಹಾಕಿದ ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ತಾತ್ಯಾ ಮಾಮಾ ಕೂತಿದ್ದ.

“ನೀ ಇಲ್ಲಿ?” ಎಂದೆ.

ಒಳಗಿನಿಂದ ಮಾಸ್ತರರ ಹೆಂಡತಿಯೇ ಉತ್ತರ ಕೊಟ್ಟರು: “ನಿನ್ನ ಮದುವಿ ಆದಾಗಿಂದ ದರಾ ರವಿವಾರ ತಪ್ಪದ ಇಂಗ್ಲಿಷ್ ಕಲ್ಯಾಕ ಬರ್ತಿದ್ರವ್ವಾ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ರು.”

ಮಾಮಾ ತಲೆ ಎತ್ತಲಿಲ್ಲ. ನಾನು ನೋಟ್‌ಬುಕ್ಕು ತೆಗೆದುಕೊಂಡೆ. ಕೊನೆಯ ಪುಟದಲ್ಲಿ ಮಾಮಾ ಪೆನ್ಸಿಲ್ಲಿನಲ್ಲಿ ಬರೆದ ಒಂದೇ ವಾಕ್ಯವಿತ್ತು: ಐ ಶುಡ್ ಹ್ಯಾವ್ ಆಸ್ಕ್ಡ್ ದ ಗರ್ಲ್. ಹುಡುಗಿಯನ್ನು ಕೇಳಬೇಕಾಗಿತ್ತು. ‘ಶುಡ್’ ಆದ ಮೇಲೆ ಮಾಸ್ತರರು ಕೆಂಪು ಮಸಿಯಲ್ಲಿ ಗುರುತು ಹಾಕಿ, ಮೇಲೆ ಸಣ್ಣದಾಗಿ ‘ರಿಯಲಿ’ ಎಂದು ಸೇರಿಸಿದ್ದರು.

“ಇನ್ನೂ ನಾಕು ಉದಾಹರಣೆ ಬರಕೊಂಡ ಬಾ ಅಂದಿದ್ರು. ಬರೀಲಿಲ್ಲ ನಾ” ಎಂದ ಮಾಮಾ. ಆಮೇಲೆ, ಒಳಗೆ ಕೇಳಿಸದಷ್ಟು ಮೆಲ್ಲಗೆ, “ಇದರ ಮುಂದಿನ ಪಾಠ ಯಾವುದವ್ವಾ? ನಿನಗ ಬರ್ತೈತಿ?” ಎಂದು ಕೇಳಿದ.

ನಾನು ಚಪ್ಪಲಿ ಬಿಟ್ಟು ಅವನ ಪಕ್ಕದಲ್ಲಿ ಕೂತೆ.