ಟ್ಯಾಕ್ಸಿಗೊಂದು ಕುಂಚಿಗೆ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಮುಂಬಯಿಯ ಅಂಧೇರಿಯ ನಮ್ಮ ಚಾಳಿನ ಮಕ್ಕಳಿಗೆ ಮೇ ತಿಂಗಳೆಂದರೆ ಲಗೋರಿ ಮತ್ತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ನನಗೆ ಅವುಗಳ ಜೊತೆಗೆ ಊರಿನಿಂದ ಬರುವ ಅಜ್ಜಿ. ಅಪ್ಪನ ತಾಯಿ ಅವಳು. ವಿಜಾಪುರದ ಕಡೆಯ ಹಳ್ಳಿಯಿಂದ ಬರುವಾಗ ಒಂದು ಚೀಲ ಜೋಳದ ಹಿಟ್ಟು, ಒಂದು ಡಬ್ಬಿ ಶೇಂಗಾ ಚಟ್ನಿ, ಕೌದಿ ಹೊಲಿಯುವ ದೊಡ್ಡ ಸೂಜಿ ತಪ್ಪದೆ ತರುತ್ತಿದ್ದಳು. ಹಳೆಯ ಬಟ್ಟೆ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಅಪ್ಪನ ಲುಂಗಿ, ನನ್ನ ಗಿಡ್ಡಾದ ಫ್ರಾಕು, ಎಲ್ಲವೂ ಚೌಕ ಚೌಕವಾಗಿ ಕತ್ತರಿಸಿಕೊಂಡು ಕೌದಿ ಸೇರುತ್ತಿದ್ದವು.

"ಯವ್ವ ಬಂದಾಳ, ಉಟ್ಟ ಅರಿವಿ ಗಟ್ಟಿ ಹಿಡ್ಕೋರಿ" ಎಂದು ಅಪ್ಪ ನಗುತ್ತಿದ್ದ. ಒಂದು ವರ್ಷ ಆ ತಮಾಷೆ ಅವನ ತಲೆಯ ಮೇಲೆಯೇ ಬಂತು.

ಹತ್ತು ವರ್ಷ ಇನ್ನೊಬ್ಬರ ಟ್ಯಾಕ್ಸಿ ಓಡಿಸಿದ ಅಪ್ಪ ಆ ವರ್ಷ ತನ್ನದೇ ಗಾಡಿ ತಂದಿದ್ದ. ಕಪ್ಪು ಮೈ, ಹಳದಿ ತಲೆ. ಹಳೆಯ ಗಾಡಿಯೇ, ಆದರೆ ನಮ್ಮದು. ಒಳಗೆ ಚಾವಣಿಯ ಬಟ್ಟೆ ಮಾತ್ರ ಹರಿದು ಜೋತುಬಿದ್ದಿತ್ತು. ಹಿಂದೆ ಕೂತವರ ತಲೆಗೆ ತಾಗುತ್ತಿತ್ತು. "ಭಾಯ್, ಯೇ ಟ್ಯಾಕ್ಸಿ ಹೈ ಕಿ ತಂಬೂ?" ಇದು ಟ್ಯಾಕ್ಸಿಯೋ ಡೇರೆಯೋ ಎಂದು ಎತ್ತರದ ಪ್ಯಾಸೆಂಜರೊಬ್ಬ ಕೇಳಿದನಂತೆ. ಅಪ್ಪ ನಕ್ಕು ನಮಗೆ ಹೇಳಿದ. ಆದರೆ ಬರುವ ಸೋಮವಾರ ಪಾಸಿಂಗ್ ಇತ್ತು. ಇನ್‌ಸ್ಪೆಕ್ಟರು ಗಾಡಿ ನೋಡಿ ಸರಿಯಿದೆ ಎಂದರಷ್ಟೇ ಅದು ಮುಂದೆಯೂ ರಸ್ತೆಯಲ್ಲಿ ಓಡಬಹುದು. ಇಲ್ಲವಾದರೆ ಗಾಡಿ ಚಾಳಿನ ಮುಂದೆ ನಿಲ್ಲಬೇಕು, ಅಪ್ಪ ಮತ್ತೆ ಬೇರೆಯವರ ಟ್ಯಾಕ್ಸಿ ಹತ್ತಬೇಕು. ಬಟ್ಟೆ ಹಾಕುವ ಕಾರೀಗರನೋ ಹದಿನೈದು ದಿನ ಬಿಟ್ಟು ಬಾ ಎಂದಿದ್ದ.

"ನಾನಽ ಹಾಕ್ತೇನಿ. ಅದೇನ ಬ್ರಹ್ಮವಿದ್ಯಾ?" ಎಂದ ಅಪ್ಪ.

ಶುಕ್ರವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಕನ್ನಡಿ, ದೀಪ ಬಿಚ್ಚಿದ. ಬಟ್ಟೆಯ ಅಂಚನ್ನು ಮೆಲ್ಲಗೆ ಎಬ್ಬಿಸಿದ. ಮೇಲೆ ಬಿಲ್ಲಿನಂತೆ ಬಾಗಿದ ನಾಲ್ಕು ಕಬ್ಬಿಣದ ಸಲಾಕೆಗಳಿದ್ದವು. ಬಟ್ಟೆಯ ಬೆನ್ನಿಗೆ ಹೊಲಿದ ನಾಲ್ಕು ಕೊಳವೆಗಳೊಳಗೆ ಅವು ತೂರಿಕೊಂಡಿದ್ದವು. ಬೀಡಿ ಹೊಗೆ, ತಲೆ ಎಣ್ಣೆ, ಧೂಳು ಎಲ್ಲ ಕಲೆತ ವಾಸನೆಯ ಆ ಬಟ್ಟೆಯನ್ನು ಹರಿಯದಂತೆ ಇಳಿಸಿ, ಮನೆಯೊಳಗೆ ತಂದು ಮಡಚಿಟ್ಟ.

"ಇದು ಅಳತೀ ಅರಿವಿ. ಇದನ್ನ ಮ್ಯಾಲಿಟ್ಟಽ ಹೊಸಾದು ಕತ್ತರಸಬೇಕು. ಯಾರೂ ಮುಟ್ಟಬಾರದು, ಕಾಯ್ಕೊಂಡು ಕುಂದ್ರು" ಎಂದು ನನಗೆ ಹೇಳಿ, ಅವ್ವನನ್ನು ಕರೆದುಕೊಂಡು ಹೊಸ ಬಟ್ಟೆ ತರಲು ಹೋದ.

ಕಾಲು ಗಂಟೆ ಕೂತಿರಬೇಕು. ಕೆಳಗೆ ಲಗೋರಿ ಶುರುವಾಯಿತು. ಅದೇ ಹೊತ್ತಿಗೆ, ಕೆಳಗಿನ ನಲ್ಲಿಯಿಂದ ನೀರು ತಂದ ಅಜ್ಜಿ, "ಕತ್ತರಿ ಎಲ್ಲೈತಿ ಬೇ?" ಎಂದಳು. ಅವ್ವನ ಹೊಲಿಗೆ ಮಶೀನಿನ ಡ್ರಾವರಿನಿಂದ ತೆಗೆದು ಅವಳ ಕೈಗೆ ಕೊಟ್ಟೆ, ಮೆಟ್ಟಿಲು ಹಾರಿ ಓಡಿದೆ. ಯಾಕೆಂದು ಕೇಳಲಿಲ್ಲ. ಕೌದಿ ಹೊಲಿಯುವ ಮುದುಕಿ ಕತ್ತರಿ ಕೇಳಿದರೆ ಯಾಕೆಂದು ಕತ್ತೆಗೂ ಗೊತ್ತಾಗಬೇಕಿತ್ತು.

ಅಪ್ಪ ಬಂದಾಗ ನಮ್ಮ ಗ್ಯಾಲರಿಯ ಹಗ್ಗದ ಮೇಲೆ, ತೊಳೆದು ಬೆಳ್ಳಗಾದ ಚೌಕಗಳು ಸಾಲಾಗಿ ಒಣಗುತ್ತಿದ್ದವು.

"ಯವ್ವಾ, ಇದೇನ ಮಾಡಿದಿ?"

"ಭಾಳ ಹೊಲಸಾಗಿತ್ತೋ ತಮ್ಮಾ. ಒಗದು ಕತ್ತರಿಸೇನಿ. ಕೌದಿಗೆ ಚಲೋ ಆಕ್ಕೈತಿ."

"ನಿನ್ನ ಹಳ್ಳಿ ಬುದ್ಧಿಗೆ ನನ್ನ ಗಾಡಿ ನಿಂತಂಗಾತು!" ಅಪ್ಪ ತಾಯಿಯ ಮೇಲೆ ಕೂಗಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ನನ್ನ ಕಡೆ ತಿರುಗಿದ. "ನಿನಗ ಕಾಯಾಕ ಹೇಳಿದ್ನೋ ಇಲ್ಲೋ?"

ನಾನು ಬಾಯಿ ತೆರೆಯುವ ಮುಂಚೆ ಅಜ್ಜಿಯೇ, "ಆಕೀಗ್ಯಾಕ ಅಂತೀ? ಆಕಿ ಬ್ಯಾಡ ಬ್ಯಾಡ ಅಂದ್ಲು. ನಾನಽ ಕೇಳಲಿಲ್ಲ" ಎಂದಳು.

ನಾನು ಅಜ್ಜಿಯ ಬೆನ್ನ ಹಿಂದೆ ಸರಿದೆ. ರಾತ್ರಿ ನನ್ನ ತಾಟಿನ ರೊಟ್ಟಿ ಹಾಗೇ ಉಳಿಯಿತು. ಅಜ್ಜಿ ಗೋಡೆ ನೋಡುತ್ತ, "ನಾಳಿ ನಾ ಊರಿಗೆ ಹೊಕ್ಕೇನಿ" ಎಂದಳು.

ಆದರೆ ಮರುದಿನ ಬೆಳಿಗ್ಗೆ ಅವಳು ಸಿಕ್ಕಿದ್ದು ಟ್ಯಾಕ್ಸಿಯೊಳಗೆ. ಹಿಂದಿನ ಸೀಟಿನಲ್ಲಿ ಕೂತು, ಕತ್ತೆತ್ತಿ, ಬೋಳು ತಗಡನ್ನೇ ನೋಡುತ್ತಿದ್ದಳು. ಕೈಯಲ್ಲಿ ದಾರದ ಉಂಡೆ.

"ಕೂಸಿಗೆ ಕುಂಚಿಗಿ ಹೊಲೀಬೇಕಂದ್ರ ಹಳೇ ಕುಂಚಿಗಿ ಯಾಕಬೇಕು? ತಲಿ ಇದ್ರ ಸಾಕು" ಎಂದು ಅಪ್ಪನಿಗೆ ಹೇಳಿದಳು. ಕುಂಚಿಗೆ ಎಂದರೆ ನಮ್ಮ ಕಡೆ ಎಳೆಗೂಸಿನ ತಲೆ ಮುಚ್ಚಿ ಬೆನ್ನಿನವರೆಗೆ ಇಳಿಯುವ ಟೊಪ್ಪಿಗೆ. ಊರಿನ ಅರ್ಧ ಮಕ್ಕಳು ಅಜ್ಜಿ ಹೊಲಿದ ಕುಂಚಿಗೆಯಲ್ಲೇ ಬೆಳೆದಿದ್ದರು. "ನೀ ಆ ಸಲಾಕಿ ಎಲ್ಲಿದ್ವೋ ಅಲ್ಲೇ ಇಡು. ಈ ತುದಿ ಹಿಡಿ."

ಅಪ್ಪ ಮುಖ ಊದಿಸಿಕೊಂಡೇ ಹಿಡಿದ. ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ ದಾರ ಎಳೆದು, ಸಲಾಕೆ ಬಂದಲ್ಲೆಲ್ಲ ಅಜ್ಜಿ ಒಂದು ಗಂಟು ಹಾಕಿದಳು. ಅಡ್ಡಕ್ಕೆ ಬೇರೆ ದಾರ, ಪ್ರತಿ ಸಲಾಕೆಗೂ ಒಂದು. ಎಲ್ಲ ಕಡೆ ನಾಲ್ಕು ಬೆರಳು ಹೆಚ್ಚಿಗೆ ಬಿಡಿಸಿದಳು. "ಹೆಚ್ಚಾದ್ರ ಮಡಚಾಕ ಬರತೈತಿ. ಕಡಿಮಿ ಆದ್ರ ಅಳೂದಽ." ಹೊಸ ಬಟ್ಟೆಯನ್ನು ಹಾಗೇ ಕತ್ತರಿಸಲು ಹೊರಟ ಅಪ್ಪನನ್ನು ತಡೆದು, ಮೊದಲು ಬಕೆಟ್ಟಿನಲ್ಲಿ ನೆನೆಸಿ ಒಣಗಿಸಲು ಹೇಳಿದಳು. ಒಣಗಿದ ಮೇಲೆ ನೋಡಿದರೆ ಗೇಣು ಕುಗ್ಗಿತ್ತು. ಅಪ್ಪ ಅಜ್ಜಿಗೆ ತಾನೇ ಚಹಾ ತಂದುಕೊಟ್ಟ.

ದಾರ ಇಟ್ಟು ಬಟ್ಟೆ ಕತ್ತರಿಸಿದ ಮೇಲೆ, ಗಂಟು ಇದ್ದಲ್ಲಿ ಅವ್ವ ಮಶೀನಿನಲ್ಲಿ ಕೊಳವೆ ಹೊಲಿದಳು. ಭಾನುವಾರ ಸಲಾಕೆ ತೂರಿಸಿ ಏರಿಸಿದರು. ಚಾಳಿನವರೆಲ್ಲ ಬಟ್ಟೆ ಒಣಹಾಕುವ ಚಿಮಟ ಕೊಟ್ಟರು, ಅವುಗಳಿಂದ ಅಂಚು ಹಿಡಿಸಿದ್ದಾಯಿತು. ಅಂಚಿಗೆ ಪಂಚರ್ ಅಂಗಡಿಯ ಅಂಟು ಸೊಲ್ಯೂಷನ್ ಹಚ್ಚುತ್ತ ಅಪ್ಪ ಮೀಸೆಗೂ ಬಳಿದುಕೊಂಡ. ಹಿಂದಿನ ಎರಡು ಮೂಲೆಗಳಲ್ಲಿ ಸುಕ್ಕು ಬಿತ್ತು. ಅಜ್ಜಿ ಅಲ್ಲಿ ನೆರಿಗೆ ಹಿಡಿದು, ಕೈಯಿಂದಲೇ ಹೊಲಿದಳು.

ಸೋಮವಾರ ಅಜ್ಜಿಯನ್ನೂ ನನ್ನನ್ನೂ ಅಪ್ಪ ಪಾಸಿಂಗಿಗೆ ಕರೆದೊಯ್ದ. ಇನ್‌ಸ್ಪೆಕ್ಟರು ಬ್ರೇಕು, ಹಾರ್ನು, ದೀಪ ನೋಡಿದರು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಮೇಲೆ ನೋಡಿದರು. ಬೆರಳಿನಿಂದ ಒತ್ತಿದರು.

"ಹೇ ಕುಠೇ ಕೇಲಂ?" ಎಲ್ಲಿ ಮಾಡಿಸಿದೆ ಎಂದು ಮರಾಠಿಯಲ್ಲಿ ಕೇಳಿದರು.

"ಘರೀಚ್, ಸಾಹೇಬ್. ಆಈನಂ ಕೇಲಂ." ಮನೆಯಲ್ಲೇ, ನನ್ನ ತಾಯಿ ಮಾಡಿದ್ದು ಎಂದ ಅಪ್ಪ.

ಅವರು ಹೊರಗೆ ನಿಂತಿದ್ದ ಅಜ್ಜಿಯನ್ನು ಒಮ್ಮೆ ನೋಡಿ ಕಾಗದಕ್ಕೆ ಠಸ್ಸೆ ಒತ್ತಿದರು. ಅಪ್ಪ ನಮ್ಮನ್ನು ಹಿಂದೆ ಹತ್ತಿಸಿ, ತಾನೂ ಗಾಡಿಯೊಳಗೆ ಬಂದು ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕೂತುಬಿಟ್ಟ. ಆಮೇಲೆ ನಗತೊಡಗಿದ. ಅಜ್ಜಿಯೂ ನಕ್ಕಳು. ನನಗೆ ಮೂರು ದಿನದ ಉಸಿರು ಒಮ್ಮೆಲೇ ಹೊರಗೆ ಬಂದಂತಾಗಿ, ಅದರ ಜೊತೆಗೇ ಸತ್ಯವೂ ಬಂತು.

"ಅಪ್ಪಾ, ಅಜ್ಜಿಗೆ ಕತ್ತರಿ ಕೊಟ್ಟಾಕಿ ನಾನಽ. ನಾ ಬ್ಯಾಡ ಅಂದಽ ಇಲ್ಲ. ಆಡಾಕ ಹೋಗಿದ್ದೆ."

ಅಪ್ಪ ಹಿಂದಕ್ಕೆ ತಿರುಗಿದ. ಬಿತ್ತು ಏಟು ಎಂದುಕೊಂಡೆ. ಅವನು ನೋಡಿದ್ದು ಅಜ್ಜಿಯನ್ನು. "ಮತ್ತ ನೀ ಯಾಕ ಸುಳ್ಳ ಹೇಳಿದಿ?"

"ನನ್ನ ಬೈದ್ರ ನಾಕ ದಿನಕ್ಕ ನೀನಽ ಬಂದು ಮಾತಾಡಸ್ತಿ. ಈಕಿ ಸಣ್ಣಾಕಿ, ಅಂಜಿ ಸಾಯ್ತಿದ್ಲು. ಪಾಸ್ ಆತಲ್ಲ, ನಡಿ. ಹಸಿವಿ ಆಗೇತಿ."

ಅಪ್ಪ ನಮ್ಮನ್ನು ನೇರ ಮಾಟುಂಗದ ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ ತಿನ್ನಿಸಿದ. ಅಷ್ಟು ಹಗುರವಾಗಿ ಕೂತು ನಾನು ಮತ್ತೆಂದೂ ಏನನ್ನೂ ತಿಂದಿಲ್ಲ.

ಆ ಗಾಡಿ ಯಾವತ್ತೋ ಗುಜರಿಗೆ ಹೋಯಿತು. ಅಜ್ಜಿ ಹೋದಳು, ಅಪ್ಪ ಅವ್ವ ಹೋದರು, ಚಾಳು ಇದ್ದಲ್ಲಿ ಬಿಲ್ಡಿಂಗ್ ಎದ್ದಿದೆ. ಅವೆಲ್ಲ ಹೋಗುವಂಥವೇ ಎಂದು ಸಮಾಧಾನ ಮಾಡಿಕೊಳ್ಳಬಹುದು. ಈಗ ಮನೆಯಲ್ಲಿ ನಾನೇ ಹಿರಿಯಳು. ಮಕ್ಕಳು ಒಳ್ಳೆಯವರು, ನಾನು ಏನಾದರೂ ಎಡವಟ್ಟು ಮಾಡಿದರೆ ಬೇಗ ಕ್ಷಮಿಸುತ್ತಾರೆ. ಆದರೆ ನನಗೋಸ್ಕರ ಸುಳ್ಳು ಹೇಳುವವರು ಯಾರೂ ಉಳಿದಿಲ್ಲ.